ಕಿಂಡಿಯೋ, ಬಿರುಕೋ? ಹಳೇ ವಿಡಿಯೋ ಗೇಮಿನ ಗುಟ್ಟು ಹುಡುಕುವ ಬಗೆ

ಕಳೆದ ದೀಪಾವಳಿಗೆ ಮುಂಚೆ ದಾವಣಗೆರೆಯ ನಮ್ಮ ಮನೆಯ ಅಟ್ಟ ಗುಡಿಸುವಾಗ ಒಂದು ಶೂ ಡಬ್ಬಿ ಸಿಕ್ಕಿತು. ಒಳಗೆ ಹಳದಿಗೆ ತಿರುಗಿದ ವಿಡಿಯೋ ಗೇಮ್, ಎರಡು ರಿಮೋಟ್, ಒಂದು ಪ್ಲಾಸ್ಟಿಕ್ ಗನ್, ನಾಲ್ಕು ಕ್ಯಾಸೆಟ್. ಅವುಗಳ ಕೆಳಗೆ ಮಡಚಿಟ್ಟ ನೋಟ್‌ಬುಕ್ ಹಾಳೆ. ಏಳನೇ ಕ್ಲಾಸಿನ ನನ್ನ ಕೋಳಿಕಾಲು ಅಕ್ಷರದಲ್ಲಿ ‘ಸೀಕ್ರೆಟ್‌ಗಳು’ ಎಂದು ತಲೆಬರಹ, ಕೆಳಗೆ 11 ಸಾಲು.

ಅವೆಲ್ಲ ಮಂಡಿಪೇಟೆ ಹಿಂದಿನ ಗಲ್ಲಿಯಲ್ಲಿದ್ದ ಗೇಮ್ ಅಂಗಡಿಯಲ್ಲಿ ಕೇಳಿದ ಮಾತುಗಳು. ಅರ್ಧ ಗಂಟೆಗೆ 5 ರೂಪಾಯಿ ಕೊಟ್ಟು ಒಬ್ಬ ಆಡುತ್ತಿದ್ದ, ಹಿಂದೆ ನಿಂತ ಎಂಟು ಜನ ಬಿಟ್ಟಿ ಸಲಹೆ ಕೊಡುತ್ತಿದ್ದರು. ಬಾವುಟದ ಕಂಬ ಹಾರಿದರೆ ಮಾರಿಯೋಗೆ ಬೇರೆ ಲೋಕ ಸಿಗುತ್ತದೆ. ಗನ್ನನ್ನು ಬಲ್ಬಿಗೆ ಹಿಡಿದರೆ ಬಾತುಕೋಳಿ ತಾನೇ ಸಾಯುತ್ತದೆ. ನಗುವ ನಾಯಿಯನ್ನೂ ಹೊಡೆಯಬಹುದು. ಲೈಫ್ ಜಾಸ್ತಿಯಾದರೆ ಆಟ ಔಟ್. ಹೀಗೇ ಹನ್ನೊಂದು. ಒಂದನ್ನೂ ಆಗ ಪರೀಕ್ಷಿಸಲು ಆಗಿರಲಿಲ್ಲ, 5 ರೂಪಾಯಿ ಮುಗಿದುಹೋಗುತ್ತಿತ್ತು. ಈ ಸಲ ಅಕ್ಕನ ಮಗನನ್ನು ಜೊತೆಗೆ ಕೂರಿಸಿಕೊಂಡು ಒಂದೊಂದನ್ನೇ ಹಿಡಿದು ನೋಡಿದೆ. ನಿಮ್ಮ ಅಟ್ಟದಲ್ಲೂ ಅಂಥದೊಂದು ಡಬ್ಬಿ ಇದ್ದರೆ ಕೆಲಸ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಹೇಳುತ್ತೇನೆ.

ಮೊದಲು ಹಾಳೆ, ಆಮೇಲೆ ಆಟ

ಟಿವಿ ಹಚ್ಚುವ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನೀವು ಚಿಕ್ಕಂದಿನಲ್ಲಿ ಕೇಳಿದ ವದಂತಿಗಳನ್ನೆಲ್ಲ ಬರೆಯಿರಿ. ನೆನಪಾಗದಿದ್ದರೆ ಹಳೇ ಗೆಳೆಯರಿಗೆ ಫೋನ್ ಮಾಡಿ, ಅವರಿಗೆ ನೆನಪಿರುತ್ತದೆ. ಪ್ರತಿ ಸಾಲಿನ ಎದುರು ಮೂರು ಕಲಂ ಎಳೆಯಿರಿ: ಏನು ಮಾಡಿದೆ, ಏನಾಯಿತು, ಎಷ್ಟು ಸಲ. ಮೂರನೇ ಕಲಂ ಬೇಡವೆಂದು ಅನ್ನಿಸುತ್ತದೆ, ಆದರೆ ಅದೇ ಮುಖ್ಯ. ಒಂದು ಸಲ ಆಗಿದ್ದು ಕೈತಪ್ಪಿನಿಂದಲೂ ಆಗಿರಬಹುದು.

ಅಭ್ಯಾಸಕ್ಕೆ ಸೂಪರ್ ಮಾರಿಯೋ ಬ್ರದರ್ಸ್‌ನ ಪಟಾಕಿಯಿಂದ ಶುರು ಮಾಡಿ. ಸ್ಟೇಜಿನ ಕೊನೆಯ ಕಂಬದ ಬಾವುಟ ಇಳಿಸಿ ಕೋಟೆಯೊಳಗೆ ಹೋದಾಗ ಕೆಲವು ಸಲ ಪಟಾಕಿ ಹಾರುತ್ತದೆ, ಕೆಲವು ಸಲ ಇಲ್ಲ. ನಾವು ಅದನ್ನು ‘ಮೂಡ್’ ಅನ್ನುತ್ತಿದ್ದೆವು. ಕಂಬ ಮುಟ್ಟಿದ ಗಳಿಗೆಯಲ್ಲಿ ಮೇಲಿನ ಟೈಮ್ ಎಷ್ಟಿತ್ತು ಎಂದು ಹತ್ತು ಸಲ ಬರೆದುಕೊಳ್ಳಿ. ಕೊನೆಯ ಅಂಕಿ 1, 3 ಅಥವಾ 6 ಇದ್ದಾಗ ಮಾತ್ರ ಅಷ್ಟೇ ಪಟಾಕಿ ಹಾರುತ್ತವೆ, ಒಂದೊಂದಕ್ಕೆ 500 ಅಂಕ. ಹುಡುಗ ಇದನ್ನು ಎಂಟನೇ ಸಾಲಿಗೇ ಹಿಡಿದ. ನನಗೆ ಇದು ತಿಳಿದಿದ್ದು ನಲವತ್ತರ ಹತ್ತಿರ ಬಂದ ಮೇಲೆ.

ನಿಮ್ಮ ಕೈಯಲ್ಲಿರುವುದು ಯಾವ ಪ್ರತಿ?

ನಮ್ಮ ಊರಿಗೆ ಬಂದ ಯಂತ್ರಗಳು ಬಹುತೇಕ ಜಪಾನಿನ ನಿಂಟೆಂಡೋ ಕಂಪನಿಯ ಯಂತ್ರದ ನಕಲುಗಳು. ಕ್ಯಾಸೆಟ್ ಮೇಲೆ 9999 ಆಟ ಎಂದು ಬರೆದಿದ್ದರೂ ಒಳಗೆ ಇರುವುದು ಕೈಬೆರಳಲ್ಲಿ ಎಣಿಸುವಷ್ಟು. ಉಳಿದಿದ್ದೆಲ್ಲ ಅದೇ ಮಾರಿಯೋ, ಬೇರೆ ಸ್ಟೇಜಿನಿಂದ ಶುರುವಾಗುವುದು ಅಥವಾ ಲೈಫ್ ಹೆಚ್ಚಿರುವುದು, ಅಷ್ಟೇ. ಹಾಗಾಗಿ ‘ನಮ್ಮ ಕ್ಯಾಸೆಟ್ಟಲ್ಲಿ ಆಗ್ತಿತ್ತು’ ಅನ್ನುವವರು ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ. ಅವರ ಕ್ಯಾಸೆಟ್ಟನ್ನು ಯಾರೋ ಮೊದಲೇ ತಿದ್ದಿರಬಹುದು.

ಕಾಂಟ್ರಾ ಎಂಬ ಗುಂಡು ಹಾರಿಸುವ ಆಟ ಇದ್ದರೆ ಒಂದು ಸುಲಭದ ಗುರುತಿದೆ. ಮೊದಲ ಸ್ಟೇಜಿನ ಕಾಡಿನ ಮರಗಳು ಅಲುಗಾಡುತ್ತವೆಯೇ? ಹಿಮದ ಸ್ಟೇಜಿನಲ್ಲಿ ಹಿಮ ಉದುರುತ್ತದೆಯೇ? ಹೌದಾದರೆ ಅದು 1988ರ ಜಪಾನೀ ಪ್ರತಿಯಿಂದ ಬಂದದ್ದು. ಅಮೆರಿಕದ ಪ್ರತಿಯಲ್ಲಿ ಮರವೂ ಅಲುಗುವುದಿಲ್ಲ, ಹಿಮವೂ ಬೀಳುವುದಿಲ್ಲ. ಸ್ಟೇಜಿನ ನಡುವೆ ಬರುವ ನಕ್ಷೆ, ಚಿತ್ರಗಳೂ ಅದರಲ್ಲಿಲ್ಲ.

ಕ್ಯಾಸೆಟ್ ಓಡದಿದ್ದರೆ ಊದಬೇಡಿ. ನಾವೆಲ್ಲ ಅದನ್ನೇ ಮಾಡಿದವರು, ಆದರೆ ಬಾಯಿಯ ತೇವಕ್ಕೆ ಪಿನ್ನು ಕಿಲುಬು ಹಿಡಿಯುತ್ತದೆ. ಮೊಬೈಲ್ ರಿಪೇರಿ ಅಂಗಡಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಲಿಕ್ವಿಡ್ಡನ್ನು ಹತ್ತಿಗೆ ಹಾಕಿ ಒರೆಸಿ, ಒಣಗಲು ಬಿಡಿ. ಅಡಾಪ್ಟರ್ ಹೊಸದಾಗಿ ತಂದರೆ ವೋಲ್ಟ್ ಜೊತೆಗೆ ಪಿನ್ನಿನ ಪ್ಲಸ್ ಒಳಗೋ ಹೊರಗೋ ಎಂದೂ ನೋಡಿ. ಯಂತ್ರ ಸತ್ತೇ ಹೋಗಿದ್ದರೆ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಇದೆ, ಅಂದರೆ ಹಳೇ ಯಂತ್ರದಂತೆಯೇ ಆಟ ಓಡಿಸುವ ಪ್ರೋಗ್ರಾಂ. ಅಂತರ್ಜಾಲದಲ್ಲಿ ಬಿಟ್ಟಿ ಸಿಗುವ ಆಟದ ಫೈಲುಗಳು ಕಾನೂನಿನ ಕಣ್ಣಲ್ಲಿ ನಕಲು. ಕಾಂಟ್ರಾ ಬೇಕಾದರೆ ಅದನ್ನು ಮಾಡಿದ ಕೊನಾಮಿ ಕಂಪನಿಯವರೇ 2019ರಲ್ಲಿ ಹಳೆಯದನ್ನೆಲ್ಲ ಒಟ್ಟುಮಾಡಿ ಮಾರಾಟಕ್ಕೆ ಬಿಟ್ಟಿದ್ದಾರೆ. (ನಮ್ಮ ಕ್ಯಾಸೆಟ್ ನಕಲಾಗಿತ್ತು ಅನ್ನುವುದು ಬೇರೆ ಮಾತು. ಏಳನೇ ಕ್ಲಾಸಿನಲ್ಲಿ ಯಾರೂ ನಮಗೆ ಹೇಳಲಿಲ್ಲ.)

ಮ್ಯಾನ್ಯುಯಲ್ ಓದದೆ ಗುಟ್ಟು ಅನ್ನಬೇಡಿ

ನಮಗೆ ಯಂತ್ರ ಬಂತು, ಜೊತೆಗೆ ಪುಸ್ತಕ ಬರಲಿಲ್ಲ. ಅದರಿಂದ ಬೇರೆ ದೇಶದ ಮಕ್ಕಳಿಗೆ ಪುಟ ತಿರುಗಿಸಿದರೆ ಸಿಗುತ್ತಿದ್ದದ್ದು ನಮಗೆ ಗುಟ್ಟಾಯಿತು. ಬಾತುಕೋಳಿ ಆಟ, ಅಂದರೆ ಡಕ್ ಹಂಟ್, ನೋಡಿ. ಗನ್ನಿನ ಜೊತೆ ಇನ್ನೊಂದು ಕಡೆ ರಿಮೋಟೂ ಸಿಕ್ಕಿಸಿ, ಒಂದೇ ಹಕ್ಕಿಯ ಆಟ ಆರಿಸಿದರೆ, ರಿಮೋಟ್ ಹಿಡಿದವನು ಹಕ್ಕಿಯನ್ನು ತನಗೆ ಬೇಕಾದಂತೆ ಹಾರಿಸಬಹುದು. ಇಬ್ಬರು ಆಡುವ ಆಟವನ್ನು ನಾವು ವರ್ಷಗಟ್ಟಲೆ ಒಬ್ಬೊಬ್ಬರೇ ಆಡಿದೆವು.

ಇದೇ ಆಟದ ಬಲ್ಬಿನ ವದಂತಿಯನ್ನು ಯಂತ್ರದ ಕಡೆಯಿಂದ ಯೋಚಿಸಿ. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ, ಆಮೇಲೆ ಹಕ್ಕಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿನ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಮಾತ್ರ ಗುಂಡು ತಾಗಿದ ಲೆಕ್ಕ. ಬಲ್ಬಿಗೆ ಹಿಡಿದರೆ ಕಪ್ಪಾಗಬೇಕಾದ ಕ್ಷಣದಲ್ಲೂ ಬೆಳಕೇ ಕಾಣುತ್ತದೆ, ಗುಂಡು ತಪ್ಪಿದಂತೆ. ವದಂತಿ ಸುಳ್ಳು. ನಾಯಿಯದು ಅರ್ಧ ಸತ್ಯ: ಮನೆಯ ಕ್ಯಾಸೆಟ್ಟಿನಲ್ಲಿ ಅದಕ್ಕೆ ಗುಂಡು ತಾಗುವುದಿಲ್ಲ, ನಾಣ್ಯ ಹಾಕಿ ಆಡುವ ಆರ್ಕೇಡ್ ಪ್ರತಿಯ ಬೋನಸ್ ಸುತ್ತಿನಲ್ಲಿ ತಾಗುತ್ತದೆ. ಮತ್ತೆ, ಈಗಿನ ಎಲ್‌ಇಡಿ ಟಿವಿಯಲ್ಲಿ ಆ ಗನ್ ಕೆಲಸ ಮಾಡುವುದೇ ಇಲ್ಲ. ಚಿತ್ರ ಮೂಡುವುದು ತಡವಾಗುತ್ತದೆ, ಗನ್ ಕಾಯುವುದಿಲ್ಲ. ಗುಜರಿ ಅಂಗಡಿಯಲ್ಲಿ ಹಳೇ ಡಬ್ಬಾ ಟಿವಿ ಸಿಕ್ಕರೆ ತನ್ನಿ, ಆದರೆ ಬಿಚ್ಚಲು ಹೋಗಬೇಡಿ. ಸ್ವಿಚ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.

ಕಂಪ್ಯೂಟರ್ ಕ್ಲಾಸಿನಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಆಡಿದವರಿಗೂ ಇಂಥದ್ದೇ ಒಂದು ಗಾಯ ಇರಬೇಕು. ಮೊದಲ ಸ್ಟೇಜ್ ದಾಟಿದ ಮೇಲೆ ಸೀಸೆಗಳೇ ತುಂಬಿದ ಕೋಣೆ, ಒಂದೊಂದರ ಮೇಲೆ ಒಂದೊಂದು ಅಕ್ಷರ. ತಪ್ಪು ಸೀಸೆ ಕುಡಿದು ಸಾಯುತ್ತಿದ್ದೆವು. ಅದನ್ನು ದೊಡ್ಡ ಒಗಟೆಂದು ತಿಳಿದು ಯಾವ ಅಕ್ಷರ ಯಾವ ದಿನ ಎಂದೆಲ್ಲ ಲೆಕ್ಕ ಹಾಕಿದ್ದೆವು. ಅದು ಒಗಟಲ್ಲ, ನಕಲು ತಡೆಯುವ ಬೀಗ. ಮ್ಯಾನ್ಯುಯಲ್ಲಿನ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆ ಕುಡಿಯಬೇಕಿತ್ತು. ಪುಸ್ತಕ ಇಲ್ಲದವನು ಸಾಯಲಿ ಎಂದೇ ಆ ಕೋಣೆ ಕಟ್ಟಿದ್ದು, ನಾವು ಸತ್ತೆವು.

ಕಿಂಡಿ ಹುಡುಕುವುದು

ಚಿತ್ರದುರ್ಗದ ಕೋಟೆಗೆ ಸ್ಕೂಲ್ ಟ್ರಿಪ್ ಹೋಗದ ದಾವಣಗೆರೆಯವರು ಕಡಿಮೆ. ಓಬವ್ವನ ಕಿಂಡಿಯೊಳಗೆ ನಾವೂ ತೂರಿ ಬಂದವರೇ. ಇಲ್ಲಿ ನಾನು ಕಿಂಡಿ ಅನ್ನುವುದು ಒಳಗಿನವರು ತಮ್ಮ ಅನುಕೂಲಕ್ಕೆ ಬಿಟ್ಟುಕೊಂಡದ್ದಕ್ಕೆ. ಬಿರುಕು ಬೇರೆ. ಅದನ್ನು ಯಾರೂ ಮಾಡಿದ್ದಲ್ಲ, ಕಲ್ಲು ಕೂರದ ಕಡೆ ಆದದ್ದು. ಆಟದ ಗುಟ್ಟುಗಳಲ್ಲೂ ಈ ಎರಡೇ ಜಾತಿ. ನಿಮ್ಮ ಪಟ್ಟಿಯ ಪ್ರತಿ ಸಾಲಿನ ಮುಂದೆ ‘ಕಿ’ ಅಥವಾ ‘ಬಿ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಹುಡುಕುವ ದಾರಿ ಎರಡಕ್ಕೂ ಬೇರೆ ಬೇರೆ.

ಕಿಂಡಿ ಹುಡುಕುವಾಗ ಮನುಷ್ಯನನ್ನು ಯೋಚಿಸಿ. ಆಟ ಬರೆದವನಿಗೆ ಏನು ಬೇಕಿತ್ತು? ಕೆಲವರಿಗೆ ಹೆಸರು ಬೇಕಿತ್ತು. ಅಟಾರಿ ಕಂಪನಿ ಆಟದಲ್ಲಿ ಪ್ರೋಗ್ರಾಮರುಗಳ ಹೆಸರು ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಎಂಬುವರು ‘ಅಡ್ವೆಂಚರ್’ ಆಟದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಬೂದು ಚುಕ್ಕೆಯೊಂದನ್ನು ಬಚ್ಚಿಟ್ಟರು. ಅದನ್ನು ಹುಡುಕಿ ಹೊತ್ತು ತಂದವರಿಗೆ ಒಂದು ಗುಪ್ತ ಕೋಣೆ ತೆರೆಯುತ್ತದೆ, ಅಲ್ಲಿ ಅವರ ಹೆಸರು. ಇಂಥವಕ್ಕೆ ‘ಈಸ್ಟರ್ ಎಗ್’ ಎಂಬ ಹೆಸರು ಬಿದ್ದದ್ದು ಅಲ್ಲಿಂದಲೇ. ಅದಕ್ಕೂ ಹಿಂದಿನದೊಂದು ಆಮೇಲೆ ಬೆಳಕಿಗೆ ಬಂತು. 1977ರ ‘ಸ್ಟಾರ್‌ಶಿಪ್ 1’ ಎಂಬ ಆರ್ಕೇಡ್ ಯಂತ್ರದಲ್ಲಿ ಗುಂಡಿಗಳನ್ನು ಸರಿಯಾದ ಕ್ರಮದಲ್ಲಿ ಒತ್ತಿದರೆ ‘ಹಾಯ್ ರಾನ್’ ಎಂದು ಬರೆದು 10 ಆಟ ಬಿಟ್ಟಿ ಕೊಡುತ್ತದೆ. ಜಗತ್ತಿಗೆ ಇದು ಗೊತ್ತಾದದ್ದು 2017ರಲ್ಲಿ, 40 ವರ್ಷದ ಮೇಲೆ. ಮಾಡಿದ ರಾನ್ ಮಿಲ್ನರ್ ಅವರಿಗೇ ಗುಂಡಿಗಳ ಕ್ರಮ ನೆನಪಿರಲಿಲ್ಲ, ಕೋಡ್ ಓದಿ ಹೊರತೆಗೆಯಬೇಕಾಯಿತು.

ಇನ್ನು ಕೆಲವರಿಗೆ ಬೇಕಾಗಿದ್ದದ್ದು ಬೇಗ ಕೆಲಸ ಮುಗಿಸುವುದು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ, ಸ್ಟಾರ್ಟ್. ಕಾಂಟ್ರಾದ ಟೈಟಲ್ ಪರದೆಯಲ್ಲಿ ಇದನ್ನು ಒತ್ತಿದರೆ 30 ಲೈಫ್. ನಮ್ಮ ಅಂಗಡಿಯಲ್ಲಿ ಇದನ್ನು ಬಲ್ಲವನೊಬ್ಬನೇ ಇದ್ದ, ಅವನು ಒತ್ತುವಾಗ ರಿಮೋಟನ್ನು ಅಂಗಿಯೊಳಗೆ ಮುಚ್ಚಿಕೊಳ್ಳುತ್ತಿದ್ದ. ಇದರ ಮೂಲ ಕೊನಾಮಿಯ ಕಜುಹಿಸಾ ಹಾಶಿಮೊಟೊ. 1986ರಲ್ಲಿ ‘ಗ್ರೇಡಿಯಸ್’ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುತ್ತಿದ್ದರು. ಪರೀಕ್ಷೆಗೆಂದು ಆಡಿದರೆ ಅವರಿಗೇ ಅದು ಕಷ್ಟವಾಯಿತು. ಎಲ್ಲ ಶಕ್ತಿಯೂ ಒಮ್ಮೆಗೇ ಸಿಗುವಂತೆ ಒಂದು ಕಿಂಡಿ ಮಾಡಿಕೊಂಡರು, ಮುಚ್ಚಲು ಮರೆತರು. ಮಾರಿಯೋದಲ್ಲೂ ಅಂಥದ್ದೊಂದಿದೆ. ಆಟ ಔಟಾದ ಮೇಲೆ ಪವರ್ ಆಫ್ ಮಾಡದೆ, ಟೈಟಲ್ ಪರದೆಯಲ್ಲಿ ಎ ಗುಂಡಿ ಹಿಡಿದುಕೊಂಡೇ ಸ್ಟಾರ್ಟ್ ಒತ್ತಿ. ಯಾವ ಲೋಕದಲ್ಲಿ ಸತ್ತಿರೋ ಅದರ ಮೊದಲ ಸ್ಟೇಜಿನಿಂದ ಶುರುವಾಗುತ್ತದೆ. ಬೇಸಿಗೆ ರಜೆಯುದ್ದಕ್ಕೂ ಪ್ರತಿ ಸಲ 1-1ರಿಂದ, ಅಂದರೆ ಮೊದಲ ಲೋಕದ ಮೊದಲ ಸ್ಟೇಜಿನಿಂದ, ಆಡಿದ್ದು ನೆನಪಾಗಿ ಹೊಟ್ಟೆ ಉರಿಯಿತು.

ಆದ್ದರಿಂದ ಕಿಂಡಿ ಹುಡುಕುವ ಜಾಗಗಳು ಬಹಳವಿಲ್ಲ. ಟೈಟಲ್ ಪರದೆ, ಪಾಜ್ ಒತ್ತಿ ಆಟ ತಡೆದ ಪರದೆ, ಔಟ್ ಆದ ಪರದೆ. ಎರಡನೇ ರಿಮೋಟನ್ನು ಮರೆಯಬೇಡಿ. ಸೂಪರ್ ಪಂಚ್-ಔಟ್ ಎಂಬ 1994ರ ಬಾಕ್ಸಿಂಗ್ ಆಟದಲ್ಲಿ ಇಬ್ಬರು ಎದುರುಬದುರು ಆಡಬಹುದೆಂದು 2022ರಲ್ಲಿ ಪತ್ತೆಯಾಯಿತು, ಎರಡನೇ ರಿಮೋಟಿನ ಗುಂಡಿ ಒತ್ತಿ ಹಿಡಿದಾಗ. 28 ವರ್ಷ ಯಾರೂ ಆ ರಿಮೋಟ್ ಮುಟ್ಟಿರಲಿಲ್ಲ ಎಂದಲ್ಲ, ಆ ಪರದೆಯಲ್ಲಿ ಮುಟ್ಟಿರಲಿಲ್ಲ.

ಬಿರುಕು ಹುಡುಕುವುದು

ಇಲ್ಲಿ ಮನುಷ್ಯನನ್ನು ಬಿಟ್ಟು ಯಂತ್ರವನ್ನು ಯೋಚಿಸಬೇಕು. ಜಾಗ ಎಲ್ಲಿ ಸಾಲದಾಯಿತು? ಸೂಪರ್ ಮಾರಿಯೋ ಬ್ರದರ್ಸ್, 1985, ಇಡೀ ಆಟ 40 ಕಿಲೋಬೈಟ್. ಅದರಲ್ಲಿ ಚಿತ್ರಗಳಿಗೆ 8. ಬೆಳಿಗ್ಗೆ ಎದ್ದರೆ ಫ್ಯಾಮಿಲಿ ಗ್ರೂಪಿನಲ್ಲಿ ಬರುವ ಶುಭೋದಯದ ಫೋಟೋ ಇದಕ್ಕಿಂತ ದೊಡ್ಡದಿರುತ್ತದೆ. 1-1ರಲ್ಲಿ ನಿಂತು ಮೋಡವನ್ನೂ ಪೊದೆಯನ್ನೂ ನೋಡಿ. ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇದನ್ನು ತೋರಿಸಿದಾಗ ಹುಡುಗ ಟಿವಿ ಹತ್ತಿರ ಹೋಗಿ ಮೂಗು ತಾಗಿಸಿ ನೋಡಿ, ‘ಮಾಮ, ಇಷ್ಟ್ ದಿನ ನೀನು ನೋಡೇ ಇರ್ಲಿಲ್ವಾ?’ ಅಂದ. ಇರಲಿಲ್ಲ.

ಇಷ್ಟು ಬಿಗಿಯಾಗಿ ಮಡಚಿಟ್ಟ ಕಡೆ ಬಿರುಕು ಬಿಡುತ್ತದೆ. ಅತ್ಯಂತ ಚೆಂದದ ಬಿರುಕು ‘ಮೈನಸ್ ಲೋಕ’. ಮಾಡುವ ಬಗೆ ಹೀಗೆ. ದೊಡ್ಡ ಮಾರಿಯೋ ಆಗಿ 1-2ರ ಕೊನೆಗೆ ಹೋಗಿ, ಹೊರಹೋಗುವ ಅಡ್ಡ ಪೈಪಿನ ಹತ್ತಿರ. ಮೇಲಿನ ಇಟ್ಟಿಗೆ ಸಾಲಿನಲ್ಲಿ ಗೋಡೆಗೆ ತಾಗಿದ ಕೊನೆಯದೊಂದನ್ನು ಉಳಿಸಿ ಅದರ ಎಡಗಡೆಯ ಎರಡನ್ನು ಒಡೆಯಿರಿ. ಪೈಪಿನ ಎಡ ಅಂಚಿನಲ್ಲಿ ಎಡಕ್ಕೆ ಮುಖ ಮಾಡಿ ನಿಲ್ಲಿ. ಕುಳಿತುಕೊಂಡೇ ಹಾರಿ, ಗಾಳಿಯಲ್ಲಿರುವಾಗ ಬಲಕ್ಕೆ ಒತ್ತಿ. ಸರಿಯಾಗಿ ಸಿಕ್ಕರೆ ಮಾರಿಯೋ ಗೋಡೆಯೊಳಗೆ ಹೊಕ್ಕು, ಹಾಗೇ ಜಾರುತ್ತಾ ಆಚೆ ಕಡೆಯ, ಬೇರೆ ಲೋಕಗಳಿಗೆ ನೇರ ಕಳಿಸುವ ಮೂರು ಪೈಪಿನ ಕೋಣೆಗೆ ಬೀಳುತ್ತಾನೆ. ಅಲ್ಲಿ ಬಲಕ್ಕೆ ಓಡಬೇಡಿ. ಸ್ವಾಗತದ ಬರಹ ಮೂಡುವ ಮುಂಚೆಯೇ ಮೊದಲ ಪೈಪಿನೊಳಗೆ ಇಳಿಯಿರಿ. ಪರದೆಯಲ್ಲಿ ಬರುತ್ತದೆ: ಲೋಕ -1. ನೀರಿನ ಸ್ಟೇಜ್, ಕೊನೆಯ ಪೈಪಿಗೆ ಹೋದರೆ ಮತ್ತೆ ಶುರುವಿಗೇ ತಂದು ಬಿಡುತ್ತದೆ. ಟೈಮ್ ಮುಗಿದು ಸಾಯುವವರೆಗೂ ಈಜುತ್ತಿರಬೇಕು. ನಮಗೆ ಇದು 40 ಪ್ರಯತ್ನ ದಾಟಿದ ಮೇಲೆ ಕೂಡಿ ಬಂತು, ಮಧ್ಯೆ ಒಂದು ಸಲ ಮಿರ್ಚಿ-ಮಂಡಕ್ಕಿಗೆ ವಿರಾಮ.

ಯಾಕೆ ಹೀಗೆ ಅನ್ನುವುದು ಇನ್ನೂ ಸೊಗಸು. ಮೂರು ಪೈಪಿನ ಕೋಣೆಗೆ ಬಂದಾಗ ಯಾವ ಪೈಪು ಯಾವ ಲೋಕಕ್ಕೆ ಎಂಬುದನ್ನು ಆಟ ಬರಹ ಮೂಡಿಸುವಾಗಲೇ ನಿಶ್ಚಯಿಸುತ್ತದೆ. ಬರಹ ಮೂಡದಿದ್ದರೆ ಬೇರೆ ಕಡೆಯ ಪಟ್ಟಿ ಓದುತ್ತದೆ, 4-2ರಲ್ಲಿ ಇರುವ ಒಂದೇ ಪೈಪಿನ ಕೋಣೆಯದು. ಅಲ್ಲಿ ನಡುವಿನ ಪೈಪಿಗೆ 5 ಎಂದಿದೆ, ಎಡ ಬಲದಲ್ಲಿ ಪೈಪೇ ಇಲ್ಲವಾದ್ದರಿಂದ ಖಾಲಿ ಜಾಗ. ಆ ಆಟದ ಲೆಕ್ಕದಲ್ಲಿ ಖಾಲಿ ಚಿತ್ರದ ನಂಬರ್ 36. ಹಾಗಾಗಿ ಮಾರಿಯೋನನ್ನು 36ನೇ ಲೋಕಕ್ಕೆ ಕಳಿಸುತ್ತದೆ. ಹೆಸರು ಬರೆಯುವಾಗ 36ನೇ ಚಿತ್ರ ಖಾಲಿ, ಆಮೇಲೆ ಗೀಟು, ಆಮೇಲೆ 1. ಮೈನಸ್ ಅನ್ನುವುದು ಅಲ್ಲಿ ಇಲ್ಲವೇ ಇಲ್ಲ, ನಮ್ಮ ಕಣ್ಣು ಓದಿಕೊಂಡದ್ದು. ಇದು ನಿಜವೇ ಎಂದು ಪರೀಕ್ಷಿಸಲು ನಡುವಿನ ಪೈಪಿಗೆ ಇಳಿದು ನೋಡಿ, 5-1ಕ್ಕೆ ಹೋಗುತ್ತೀರಿ. ವಿವರಣೆ ಕೊಟ್ಟವರು ಯಾರೇ ಇರಲಿ, ಹೀಗೆ ಇನ್ನೊಂದು ಕಡೆಯಿಂದ ಒರೆಹಚ್ಚಿ ನೋಡುವುದು ಒಳ್ಳೆಯದು.

ಅಂಚುಗಳೆಲ್ಲ ಹೀಗೇ. ಪ್ಯಾಕ್‌ಮ್ಯಾನ್‌ನ 256ನೇ ಸ್ಟೇಜಿನಲ್ಲಿ ಬಲಗಡೆಯ ಅರ್ಧ ಪರದೆ ಕಸವಾಗುತ್ತದೆ, ಎಣಿಕೆ 255 ದಾಟಲಾರದ್ದರಿಂದ. 1989ರ ನಿಂಟೆಂಡೋ ಟೆಟ್ರಿಸ್‌ಗೆ ಮನುಷ್ಯರ ಕೈಯಲ್ಲಿ ಕೊನೆ ಕಾಣಿಸಲಾಗದೆಂದೇ ನಂಬಿದ್ದರು. 2023ರ ಡಿಸೆಂಬರ್ 21ರಂದು ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೇ ಹಂತದವರೆಗೆ ಆಡಿ, ಆಟವೇ ಕೈಚೆಲ್ಲಿ ನಿಂತುಹೋಗುವಂತೆ ಮಾಡಿದ.

ಪೆಟ್ಟಿಗೆಯೊಳಗೆ ಕೈ ಹಾಕುವುದು

ಕೊನೆಗೆ ಎಮ್ಯುಲೇಟರ್. ಎಫ್‌ಸಿಇಯುಎಕ್ಸ್, ಮೆಸೆನ್ ಎರಡರಲ್ಲೂ ಬೇಕಾದ ಉಪಕರಣಗಳಿವೆ. ಮೊದಲು ಸೇವ್ ಸ್ಟೇಟ್ ಕಲಿಯಿರಿ: ಕಷ್ಟದ ಜಾಗದ ಎದುರು ನಿಂತು ಸೇವ್ ಮಾಡಿದರೆ, ತಪ್ಪಿದಾಗಲೆಲ್ಲ ಅಲ್ಲಿಂದಲೇ ಶುರು. ಆಮೇಲೆ ರ್ಯಾಮ್ ಸರ್ಚ್. ಈ ಯಂತ್ರದ ಕೆಲಸದ ನೆನಪು ಬರೀ 2048 ಮನೆ, ದೊಡ್ಡ ಚೌಕಾಬಾರ ಹಾಸು ಅಂದುಕೊಳ್ಳಿ. ಒಂದೊಂದು ಮನೆಯಲ್ಲಿ 0ಯಿಂದ 255ರೊಳಗಿನ ಒಂದು ಅಂಕಿ. ಮಾರಿಯೋದ ಲೈಫ್ ಯಾವ ಮನೆಯಲ್ಲಿದೆ? ಒಂದು ಸಲ ಸಾಯಿರಿ, ‘ಕಡಿಮೆಯಾದ ಮನೆಗಳು’ ಎಂದು ಸೋಸಿ. ಸುಮ್ಮನೆ ನಿಲ್ಲಿ, ‘ಬದಲಾಗದ ಮನೆಗಳು’ ಎಂದು ಸೋಸಿ. ಮತ್ತೆ ಸಾಯಿರಿ. ನಾಲ್ಕೈದು ಸುತ್ತಿಗೆ ಬೆರಳೆಣಿಕೆಯಷ್ಟು ಉಳಿಯುತ್ತವೆ, ಅದರಲ್ಲಿ 075ಎ ಎಂಬ ನಂಬರಿನ ಮನೆ ಇರುತ್ತದೆ, ಅದೇ ಲೈಫಿನದು. ಪರದೆ 3 ಅಂದಾಗ ಅಲ್ಲಿ 2 ಇರುತ್ತದೆ, ಒಂದು ಕಡಿಮೆ.

ಈಗ ಲೈಫ್ ಜಾಸ್ತಿಯಾದರೆ ಔಟ್ ಎಂಬ ವದಂತಿ. ಆ ಮನೆಯಲ್ಲಿ 200 ಬರೆಯಿರಿ, ಹೋಗಿ ಒಂದು ಸಲ ಗುಂಡಿಗೆ ಬೀಳಿ. ಗೇಮ್ ಓವರ್! ಸತ್ತಾಗ ಆಟ ಒಂದು ಕಳೆದು, ಉತ್ತರ ಋಣವೇ ಎಂದು ನೋಡುತ್ತದೆ. ಈ ಯಂತ್ರದ ಕಣ್ಣಿಗೆ 127ರ ಮೇಲಿನದೆಲ್ಲ ಋಣ ಸಂಖ್ಯೆಯಂತೆಯೇ ಕಾಣುತ್ತದೆ. 3-1ರ ಮೆಟ್ಟಿಲ ಮೇಲೆ ಆಮೆಯನ್ನು ತುಳಿದು ತುಳಿದು ಲೈಫ್ ಗುಡ್ಡೆ ಹಾಕಿದವನು ಒಂದೇ ಸಾವಿಗೆ ಔಟಾಗುತ್ತಿದ್ದದ್ದು ಇದಕ್ಕೇ. ಅಂಗಡಿಯವನು ಸ್ವಿಚ್ ಒತ್ತಿದನೆಂದು ಅವನ ಜೊತೆ ನಾವು ಜಗಳವನ್ನೂ ಆಡಿದ್ದೆವು. ಹನ್ನೊಂದರಲ್ಲಿ ಇದಕ್ಕೆ ಪೂರ್ತಿ ಟಿಕ್.

ಉಳಿದದ್ದು ಬಾವುಟ. ಕಂಬದ ಮೇಲಿಂದ ಹಾರುವುದು 3-3ರಲ್ಲಿ ಸಾಧ್ಯ, ಕೊನೆಯಲ್ಲಿರುವ ತಕ್ಕಡಿಯಂಥ ಹಲಗೆಗಳ ಎತ್ತರ ಬಳಸಿಕೊಂಡು. ಅಳತೆ ಹಿಡಿಯಲು ಒಂದು ಸಂಜೆ ಬೇಕಾಯಿತು. ಹುಡುಗನೇ ಹಾರಿಸಿದ. ಆಚೆ ನೆಲ ಹಾಗೇ ಮುಂದುವರಿಯುತ್ತದೆ. ಆಮೆಯಿಲ್ಲ, ನಾಣ್ಯವಿಲ್ಲ, ಹಿಂದಕ್ಕೂ ಬರಲಾಗದು. ಮಾರಿಯೋ ಓಡುತ್ತಲೇ ಇದ್ದ, ಟೈಮ್ ಸೊನ್ನೆಯಾಯಿತು, ಸತ್ತ. ಹುಡುಗ ನೋಟ್‌ಬುಕ್ಕಿನಲ್ಲಿ ‘ಏನೂ ಇಲ್ಲ, 3 ಸಲ’ ಎಂದು ಬರೆದ.

ಆ ವದಂತಿ ಹಬ್ಬಿಸಿದ ಗೆಳೆಯ ಈಗ ಹರಿಹರದಲ್ಲಿದ್ದಾನೆ. ರಾತ್ರಿಯೇ ಫೋನ್ ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೋಗಲೇ, ನಾನು ಕಣ್ಣಾರೆ ನೋಡೀನಿ’ ಅಂದ. ‘ನಿಮ್ದು ಯಾವ ಕ್ಯಾಸೆಟ್ಟು?’